ನದಿಯೂ ಕಡಲೂ: ಉಪಮೆಯ ಎಲ್ಲೆ

ವಿಶಾಖಪಟ್ಟಣದಲ್ಲಿ ಪರಿಚಿತರೊಬ್ಬರ ಅಸ್ಥಿವಿಸರ್ಜನೆಯಾದ ದಿನ ಅವರ ಧರ್ಮಪತ್ನಿಯನ್ನು ಸಂತೈಸಲೆಂದು ನಾವು, "ನದಿ ಕಡಲನ್ನು ಸೇರಿತಮ್ಮಾ, ದುಃಖಿಸಬೇಡಿ" ಎಂದೆವು. ಆಕೆ ಕ್ಷಣಕಾಲ ಮೌನವಾಗಿದ್ದು, "ಹಾಗಾದರೆ ರಾಯರೇ, ನಮ್ಮವರು ಇನ್ನು ನಮ್ಮವರಾಗಿ ಎಲ್ಲಿಯೂ ಇಲ್ಲವೇ?" ಎಂದು ಕೇಳಿದರು. ನಮಗೆ ಉತ್ತರ ತೋರಲಿಲ್ಲ. ಅಲಂಕಾರಶಾಸ್ತ್ರವನ್ನು ಓದಿದ್ದೇವೆಂಬ ಅಭಿಮಾನ ಅಂದು ಕುಗ್ಗಿತು. ಆಡಿದ ಮಾತಿನ ಎಲ್ಲೆ ಯಾವುದೆಂದು ವಿಚಾರಿಸದೆ ಆಡಿಬಿಟ್ಟಿದ್ದೆವು.

ಅಲಂಕಾರವು ಕವಿಗಳ ಸ್ವತ್ತು ಮಾತ್ರವಲ್ಲ. ವಿಜಯವಾಡದ ಬೇಸಗೆಯನ್ನೇ ನೋಡಿ. "ಬಿಸಿಲು ಬೆಂಕಿಯಂತೆ ಸುಡುತ್ತಿದೆ" ಎಂದರೆ ಉಪಮೆ. ಬಿಸಿಲು ಉಪಮೇಯ, ಬೆಂಕಿ ಉಪಮಾನ, ಸುಡುವುದು ಸಾಧಾರಣಧರ್ಮ, 'ಅಂತೆ' ಎಂಬುದು ವಾಚಕ. "ಬಿಸಿಲೆಂಬ ಬೆಂಕಿ" ಎಂದು ಅಭೇದವನ್ನು ಆರೋಪಿಸಿದರೆ ರೂಪಕ. "ಆಕಾಶವೇ ಬೆಂಕಿಯನ್ನು ಸುರಿಯುತ್ತಿದೆಯೋ ಏನೋ" ಎಂದು ಸಂಭಾವಿಸಿದರೆ ಉತ್ಪ್ರೇಕ್ಷೆ. "ಇದು ಬಿಸಿಲಲ್ಲ, ಬೆಂಕಿ" ಎಂದು ಇದ್ದುದನ್ನು ಮರೆಸಿದರೆ ಅಪಹ್ನುತಿ. "ಪ್ಲಾಟ್‌ಫಾರಂ ಮೇಲೆ ಅಕ್ಕಿ ಇಟ್ಟರೆ ಅನ್ನವಾಗುತ್ತದೆ" ಎಂದರೆ ಅತಿಶಯೋಕ್ತಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಏಕೆಂದರೆ ಹೇಳುವವನೂ ಕೇಳುವವನೂ ಮಾತಿನ ಎಲ್ಲೆಯನ್ನು ಬಲ್ಲರು. ಆ ಎಲ್ಲೆ ಮರೆತಲ್ಲಿ ಅಲಂಕಾರವೇ ಭ್ರಾಂತಿಗೆ ಕಾರಣವಾಗುತ್ತದೆ.

ಶಾಸ್ತ್ರಾರ್ಥದಲ್ಲಿಯೂ ಇದೇ ಎಚ್ಚರ ಬೇಕು. ಛಾಂದೋಗ್ಯೋಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ 9 ದೃಷ್ಟಾಂತಗಳಿಂದ ಉಪದೇಶಿಸುತ್ತಾನೆ. ನದಿ ಮತ್ತು ಸಮುದ್ರಗಳ ದೃಷ್ಟಾಂತ ಅವುಗಳಲ್ಲೊಂದು. ಅದನ್ನು ಐಕ್ಯಪರವಾಗಿ ಅರ್ಥೈಸುವವರು ಉಂಟು. ಶ್ರೀಮದಾಚಾರ್ಯರಾದರೋ ವಿಷ್ಣುತತ್ತ್ವವಿನಿರ್ಣಯದಲ್ಲಿ ಈ ದೃಷ್ಟಾಂತಗಳನ್ನು ವಿಚಾರಿಸಿ, ಹಕ್ಕಿಗೂ ಅದನ್ನು ಕಟ್ಟಿದ ದಾರಕ್ಕೂ, ನದಿಗೂ ಸಮುದ್ರಕ್ಕೂ, ಉಪ್ಪಿಗೂ ನೀರಿಗೂ ಭೇದವೇ ಇರುವುದನ್ನು ತೋರಿಸುತ್ತಾರೆ. ಸಮುದ್ರವನ್ನು ಸೇರಿದ ನದಿಯು ತನ್ನನ್ನು ತಾನು ಅರಿಯದು ಎಂದರೆ ಅರಿವು ಇಲ್ಲವೆಂದಾಯಿತು, ನದಿಯೇ ಇಲ್ಲವೆಂದಾಗಲಿಲ್ಲ. ಕಠೋಪನಿಷತ್ತಾದರೂ ಶುದ್ಧಜಲದಲ್ಲಿ ಎರೆದ ಶುದ್ಧಜಲವು 'ಅಂಥದ್ದು' ಆಗುತ್ತದೆಂದು ಹೇಳುತ್ತದೆ, 'ಅದೇ' ಆಗುತ್ತದೆಂದು ಹೇಳುವುದಿಲ್ಲ. 'ಅಂಥದ್ದು' ಎಂಬುದು ಸಾದೃಶ್ಯದ ಮಾತು. ಎರಡು ವಸ್ತುಗಳಿಲ್ಲದೆ ಸಾದೃಶ್ಯವೆಲ್ಲಿ? ಉಪಮೆಯನ್ನು ರೂಪಕವೆಂದೂ, ರೂಪಕದ ಆರೋಪವನ್ನು ವಸ್ತುಸ್ಥಿತಿಯೆಂದೂ ತಿಳಿದರೆ ಸಿದ್ಧಾಂತವೇ ಬೇರೆಯಾಗಿಬಿಡುತ್ತದೆ.

ಆದುದರಿಂದ ಇಂಥ ಮಾತು ಕಿವಿಗೆ ಬಿದ್ದಾಗ ಮೂರನ್ನು ಕೇಳಿಕೊಳ್ಳುವುದು ಒಳ್ಳೆಯದು: ಯಾವುದನ್ನು ಯಾವುದಕ್ಕೆ ಹೋಲಿಸಿದೆ? ಯಾವ ಧರ್ಮದಿಂದ? ಆ ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ? ಮನೆಯಲ್ಲಿ ಹೊರಗಿನ ಭಾಷೆಯನ್ನೇ ಹೆಚ್ಚಾಗಿ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ದೇವರನಾಮಗಳ ಅರ್ಥವನ್ನು ಹೇಳುವಾಗಲಂತೂ ಮೂರನೆಯ ಪ್ರಶ್ನೆಯನ್ನು ಬಿಡಲಾಗದು.

ಕೆಲವು ದಿನಗಳ ಮೇಲೆ ಆ ತಾಯಿಯ ಮನೆಗೆ ಹೋಗಿ ನಮ್ಮ ಮಾತನ್ನು ತಿದ್ದಿಕೊಂಡೆವು. "ಕಡಲೆಂದುದು ಆಶ್ರಯವೆಂಬ ಅರ್ಥದಲ್ಲಿ, ಅಷ್ಟಕ್ಕೇ ಹೋಲಿಕೆ. ಜೀವನು ನಿತ್ಯ. ಅವನ ಸ್ವರೂಪ ಅವನದೇ. ಮುಕ್ತಿಯಲ್ಲಿಯೂ ಅದು ಅಳಿಯದು. ನಿಮ್ಮ ಯಜಮಾನರು ಇಲ್ಲವಾಗಲಿಲ್ಲ" ಎಂದೆವು. ಆಕೆ ಕಣ್ಣೊರೆಸಿಕೊಂಡು, "ಅಂದೇ ಹೀಗೆ ಹೇಳಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು, ರಾಯರೇ" ಎಂದರು.

ಶ್ರೀಕೃಷ್ಣಾರ್ಪಣಮಸ್ತು.