ಪುರನಿರ್ಮಾಣ ಮತ್ತು ಪ್ರಮಾದಚರ್ಯೆ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿರುವ ಐದು ಅನರ್ಥದಂಡಗಳ ಪೈಕಿ ಕೊನೆಯದು ಪ್ರಮಾದಚರ್ಯೆ. ನಿಷ್ಕಾರಣವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು ಇದರ ರೂಪಗಳು. ಇವು ಒಬ್ಬ ಗೃಹಸ್ಥನ ಅಂಗಳಕ್ಕೆ ಸಂಬಂಧಿಸಿದ ಮಾತುಗಳೆಂದೇ ಬಹುಮಂದಿ ಭಾವಿಸುತ್ತಾರೆ. ಆದರೆ ಒಂದು ಪಟ್ಟಣವನ್ನು ಕಟ್ಟುವಾಗ, ಹಳೆಯದನ್ನು ಕೆಡವಿ ಹೊಸದಾಗಿ ರೂಪಿಸುವಾಗ ನಡೆಯುವುದು ಈ ಐದು ಕಾರ್ಯಗಳೇ ಅಲ್ಲವೆ? ಅಂಗಳದಲ್ಲಿ ದೋಷವೆನಿಸಿದ್ದು ಊರಿನ ನಕ್ಷೆಯಲ್ಲಿ ದೋಷವಲ್ಲವಾಗುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಮಟ್ಟಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಇದು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ನೆಟ್ಟ ಸೊಪ್ಪನ್ನು ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನುಗಳಲ್ಲಿ ತೂಗುಹಾಕಿ ಐದಾರು ದಿನ ಹಗಲಿರುಳು ಬೆಂಕಿಯ ಶಾಖದಿಂದ ಹದಗೊಳಿಸುತ್ತಾರೆ. ಒಂದು ಕಿಲೋ ಹದಗೊಂಡ ಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಲೆಕ್ಕ. ಒಂದು ಬ್ಯಾರನ್ನಿನಿಂದ ಒಂದೂವರೆ ಟನ್ ಸೊಪ್ಪು ಹೊರಬರಬೇಕಾದರೆ ಆರೇಳು ಟನ್ ಮರ ಬೂದಿಯಾಗಬೇಕು. ಮುನಿಗಳು ಜೀವಹಿಂಸೆಯನ್ನು ತಪ್ಪಿಸಲೆಂದು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸದ ಉತ್ತರಾರ್ಧದಲ್ಲಿಯೇ ಈ ಒಲೆಗಳು ಉರಿಯುತ್ತಿರುತ್ತವೆ.

ನೈಋತ್ಯ ಮಾರುತ ಬೀಸುವ ದಿನಗಳಲ್ಲಿ ಕೋಟೆ, ಪಿರಿಯಾಪಟ್ಟಣಗಳ ಕಡೆಯ ಹೊಗೆ ಈಶಾನ್ಯಕ್ಕೆ, ಎಂದರೆ ಹುಣಸೂರು, ಮೈಸೂರುಗಳ ದಿಕ್ಕಿಗೆ ಸಾಗುತ್ತದೆ. ಹಿಂಗಾರು ಮಾರುತ ಬಂದಾಗ ದಿಕ್ಕು ಬದಲಾಗುತ್ತದೆ. ಕಾರ್ತಿಕ ಮಾರ್ಗಶಿರಗಳ ತಣ್ಣನೆಯ ಮುಂಜಾವಿನಲ್ಲಿ ನೆಲದ ಸಮೀಪದ ಗಾಳಿ ಮೇಲೇರದಿರುವುದರಿಂದ ಹೊಗೆ ಹೊಲಗೇರಿಗಳ ಮೇಲೆಯೇ ತಂಗುತ್ತದೆ. ಪುರಸಭೆಯ ಎಲ್ಲೆಯ ಕಲ್ಲನ್ನು ಅದು ಲೆಕ್ಕಿಸುವುದಿಲ್ಲ.

ನಮ್ಮ ಯೋಜನೆಗಳಾದರೋ ಆ ಕಲ್ಲಿನ ಬಳಿಗೆ ಬಂದು ನಿಂತುಬಿಡುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಸೂಕ್ಷ್ಮ ಧೂಳಿನ ಕಣಗಳಿಗೆ ನಮ್ಮ ದೇಶ ನಿಗದಿಪಡಿಸಿರುವ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ನಗರಗಳ ಪಟ್ಟಿ ಮಾಡಿ ಗಾಳಿಯನ್ನು ಶುದ್ಧಗೊಳಿಸಹೊರಟರೆ ಸೌದೆಯ ಒಲೆಯ ಪಕ್ಕದಲ್ಲಿ ಬಾಳುವ ಗ್ರಾಮಸ್ಥನ ಶ್ವಾಸಕೋಶ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಇದರಲ್ಲಿ ದೋಷ ಯಾರದು? ಹೊಗೆಸೊಪ್ಪಿನ ರೈತನನ್ನು ತೋರಿಸುವುದು ಸುಲಭ. ಆಶಾಧರರ ಸಾಗಾರಧರ್ಮಾಮೃತದಲ್ಲಿ ಹೆಸರಿಸಲ್ಪಟ್ಟ ಖರಕರ್ಮಗಳಲ್ಲಿ ವನಜೀವಿಕೆಯೂ ಅಗ್ನಿಜೀವಿಕೆಯೂ ಇವೆ. ಬ್ಯಾರನ್ನಿನಲ್ಲಿ ಎರಡೂ ಒಂದುಗೂಡಿವೆ ಎನ್ನಬಹುದು. ಆದರೆ ರೈತನದು ಉದ್ಯೋಗಿ ಹಿಂಸೆ. ಬೆಳೆಗೆ ಪರವಾನಗಿ ನೀಡುವ ತಂಬಾಕು ಮಂಡಳಿ 1976ರಿಂದ ಇದೆ, ಹರಾಜು ಮಾರುಕಟ್ಟೆ ಇದೆ, ಸಾಲವಿದೆ. ಇಷ್ಟು ನಿಶ್ಚಿತವಾದ ಮಾರಾಟವ್ಯವಸ್ಥೆ ರಾಗಿಗಾಗಲಿ ಹುರುಳಿಗಾಗಲಿ ಎಲ್ಲಿದೆ? ಭಾರತವು 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಕಲ್ಪಿಸುವ ಮಾತೂ ಪರಿಸರ ರಕ್ಷಣೆಯ ಮಾತೂ ಇವೆ. ಅದನ್ನು ಕಾರ್ಯಕ್ಕೆ ತರಬೇಕಾದವನು ಒಂದೆರಡು ಎಕರೆಯ ಒಡೆಯನಲ್ಲ.

ಯೋಜನೆಯನ್ನು ರೂಪಿಸುವವರಿಗೆ ಈ ರಿಯಾಯಿತಿ ಸಲ್ಲದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿದೆ. ಹೊಟ್ಟೆಪಾಡಿನ ಒತ್ತಡವಿಲ್ಲದೆ, ನಕ್ಷೆಯೂ ಅಂಕಿಅಂಶವೂ ಕಾಲಾವಕಾಶವೂ ಕೈಯಲ್ಲಿದ್ದು, ಗಾಳಿಯ ದಿಕ್ಕನ್ನು ವಿಚಾರಿಸದೆ ಬಡಾವಣೆಗೆ ಒಪ್ಪಿಗೆ ಕೊಡುವುದು ಪ್ರಮಾದವಲ್ಲದೆ ಮತ್ತೇನು?

ಈ ಸೀಮೆಗೆ ಒಳ್ಳೆಯ ಪೂರ್ವನಿದರ್ಶನಗಳಿಲ್ಲದೆ ಇಲ್ಲ. ಕಾವೇರಿಯ ಪ್ರವಾಹಕ್ಕೆ ಹಳೆಯ ಎಡತೊರೆ ತುತ್ತಾದ ಮೇಲೆ 1925-30ರ ಅವಧಿಯಲ್ಲಿ ರೂಪುಗೊಂಡ ಹೊಸ ಪಟ್ಟಣವೇ ಕೃಷ್ಣರಾಜನಗರ. ಪ್ಲೇಗಿನ ಹಾವಳಿಯ ನಂತರ 1903ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಮಂಡಳಿಯು ಬೀದಿಗಳಿಗೆ ಬೆಳಕೂ ಗಾಳಿಯೂ ದೊರೆಯುವಂತೆ ಬಡಾವಣೆಗಳನ್ನು ರಚಿಸಿತು. ಆ ಕಾಲದವರು ನದಿಯನ್ನೂ ರೋಗವನ್ನೂ ನೋಡಿ ಊರು ಕಟ್ಟಿದರು. ಇಂದು ನೋಡಬೇಕಾದದ್ದು ಹೊಗೆಯನ್ನು, ಏರುತ್ತಿರುವ ಬಿಸಿಲನ್ನು, ಹೊತ್ತುಗೊತ್ತಿಲ್ಲದ ಮಳೆಯನ್ನು.

ಉಪಾಯವು ಸಂವಿಧಾನದಲ್ಲಿಯೇ ಇದೆ. 1992ರ 74ನೆಯ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿ, ಪಂಚಾಯಿತಿ ಮತ್ತು ನಗರಸಭೆಗಳ ಯೋಜನೆಗಳನ್ನು ಒಂದಾಗಿ ಹೊಂದಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿತು. ನೀರು ಮೊದಲಾದ ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನೂ ಪರಿಸರ ಸಂರಕ್ಷಣೆಯನ್ನೂ ಅಲ್ಲಿ ಸ್ಪಷ್ಟವಾಗಿ ಹೆಸರಿಸಿದೆ. ಹುಣಸೂರಿನ ಮಾರುಕಟ್ಟೆಯ ಪುನರ್ನಿರ್ಮಾಣ, ಪಿರಿಯಾಪಟ್ಟಣದ ಬ್ಯಾರನ್ನುಗಳ ಸೌದೆ, ನಾಗರಹೊಳೆಯ ಕಾಡಂಚು, ಕೋಟೆಯ ಹೊಸ ಬಡಾವಣೆ ಇವೆಲ್ಲ ಒಂದೇ ಮೇಜಿನ ಮೇಲೆ ಬರಬೇಕಾದ ಕಾಗದಗಳು. ಬೇರೆ ಬೇರೆ ಕಡತಗಳಲ್ಲಿ ಇರುವವರೆಗೆ ಪ್ರತಿಯೊಂದೂ ನಿರ್ದೋಷವಾಗಿಯೇ ಕಾಣುತ್ತದೆ.

ಜೈನ ಕುಟುಂಬಗಳಿಗೆ ಇದು ಅನ್ಯರ ವಿಷಯವೆನಿಸಬಹುದು. ಹೊಗೆಸೊಪ್ಪನ್ನು ಸೇದದವನು, ಬೆಳೆಯದವನು ತನ್ನ ಕೈ ಶುದ್ಧವೆಂದುಕೊಳ್ಳುವುದು ಸಹಜ. ಆದರೆ ಕೃತದೊಡನೆ ಕಾರಿತ, ಅನುಮೋದನೆಗಳನ್ನೂ ಎಣಿಸುವುದು ಈ ಧರ್ಮದ ಕ್ರಮ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ನಿಂತಿರುವುದು ಇದೇ ಗಾಳಿಯಲ್ಲಿ. ಸೊಪ್ಪಿಗೆ ಗೋದಾಮನ್ನು ಬಾಡಿಗೆಗೆ ಕೊಟ್ಟವರು, ಗದ್ದೆಯನ್ನು ನಿವೇಶನವಾಗಿ ಮಾರಿದವರು ಅನುಮೋದನೆಯ ಹೊರಗೆ ಉಳಿದರೆ? ಬಸದಿಗಳ ಆಡಳಿತ ಮಂಡಳಿಗಳೂ ಕಟ್ಟಡ ಕಟ್ಟಿಸುತ್ತವೆ, ನಿವೇಶನಗಳನ್ನು ಹೊಂದಿರುತ್ತವೆ. ಯಾತ್ರಿನಿವಾಸವೊಂದಕ್ಕೆ ಇಟ್ಟಿಗೆ ತರಿಸುವಾಗ ಗೂಡಿಗೆ ಹಾಕಿದ ಸೌದೆ ಯಾವ ತೋಪಿನದು, ಕೆಡವಿದ ಗೋಡೆಯ ಮಣ್ಣು ಯಾವ ಕೆರೆಯ ಅಂಗಳ ಸೇರಿತು, ಅಡುಗೆಮನೆಯ ಹೊಗೆ ಯಾರ ಮನೆಯ ಕಡೆಗೆ ಹೋಗುತ್ತದೆ ಎಂಬುದನ್ನು ಠರಾವಿಗೆ ಸಹಿ ಮಾಡುವ ಮುನ್ನ ಕೇಳಲು ಜಿಲ್ಲಾ ಸಮಿತಿಯ ಅಪ್ಪಣೆಯೇನೂ ಬೇಕಾಗಿಲ್ಲ.