ಬುದ್ಧಿಯೆಂಬ ಹಸ್ತ

'ಬುದ್ಧಿ' ಎಂಬ ಶಬ್ದವು 'ಬುಧ್' ಧಾತುವಿನಿಂದ ಹುಟ್ಟಿದುದು. ಅರಿಯುವುದು, ಎಚ್ಚರಗೊಳ್ಳುವುದು ಎಂದು ಅದರ ಅರ್ಥ. ನೈಯಾಯಿಕರು ಬುದ್ಧಿಯೆಂದರೆ ಜ್ಞಾನವೇ ಎಂದರು. ಸಾಂಖ್ಯರು ಅದನ್ನು ಪ್ರಕೃತಿಯಿಂದ ಮೊದಲು ಉದಿಸಿದ, ನಿಶ್ಚಯಿಸುವ ತತ್ತ್ವವೆಂದರು. ನಮ್ಮ ಷಟ್‌ಸ್ಥಲಶಾಸ್ತ್ರವಾದರೋ ಅದನ್ನು ಕೈಯೆಂದೇ ಕರೆಯಿತು. ಮಾಹೇಶ್ವರನು ಸುಬುದ್ಧಿಯೆಂಬ ಹಸ್ತದಿಂದ ಗುರುಲಿಂಗಕ್ಕೆ ಅರ್ಪಿಸುವನು.

ಕೈಯು ನೀಡಲೂ ಬಲ್ಲದು, ಕಸಿಯಲೂ ಬಲ್ಲದು. ತಕ್ಕಡಿಯಲ್ಲಿ ತೂಕ ಕದಿಯುವವನಿಗೂ, ಒಡಹುಟ್ಟಿದವನ ಪಾಲಿನ ಹೊಲವನ್ನು ಕಾಗದಪತ್ರದ ಜಾಣ್ಮೆಯಿಂದ ನುಂಗುವವನಿಗೂ ಬುದ್ಧಿಯುಂಟು. ಆದರೆ ಅದರ ಮುಂದೆ 'ಸು' ಎಂಬ ಒಂದಕ್ಷರವಿಲ್ಲ. ಆ ಅಕ್ಷರವನ್ನು ಕೂಡಿಸುವುದು ಆಚಾರ. ಆಚಾರ ತಪ್ಪಿದ ವಿದ್ಯೆಯು ಎಷ್ಟು ಬೆಳೆದರೂ ಕಸಿಯುವ ಕೈಯನ್ನೇ ಉದ್ದಮಾಡುವುದು.

ಇಂದು ಸಂಜೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ, 'ನನ್ನ ಬುದ್ಧಿಯು ಇಂದು ಯಾರದನ್ನು ಕಸಿಯಿತು, ಏನನ್ನು ಅರ್ಪಿಸಿತು?' ಎಂದು ಕೇಳಿಕೊಳ್ಳಿರಿ.