ಏಳು ದಿನದ ಪ್ರೇಷಿತ



ಹರಿಪುರದ ನಮ್ಮ ಯುವಕನೊಬ್ಬ ಒಂದು ವಾರದ ಸೇವೆಗೆಂದು ಶ್ರೀಲಂಕಾಕ್ಕೆ ಹೊರಟಿದ್ದಾನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತ ಹುಡುಗ. “ಅಲ್ಲಿಯ ಮಾತೇ ಬಾರದವನು ಏಳು ದಿನದಲ್ಲಿ ಏನು ಮಾಡಿಯಾನು?” ಎಂದು ನಮ್ಮಲ್ಲೇ ಕೆಲವರು ಕೇಳಿದ್ದಾರೆ. ಕೇಳಬೇಕಾದ ಮಾತೇ.

ಸಂತ ಜೋಸೆಫ್ ವಾಜ್‌ರನ್ನು ನೆನೆಯೋಣ. ಗೋವೆಯಲ್ಲಿ ಹುಟ್ಟಿ ಕೆನರಾದಲ್ಲಿ ದುಡಿದ ಈ ಗುರುಗಳು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಆ ದ್ವೀಪ ಸೇರಿದರು. ಡಚ್ಚರು ಕಥೋಲಿಕ ಗುರುಗಳನ್ನು ಒಳಗೆ ಬಿಡುತ್ತಿರಲಿಲ್ಲ. ತಮಿಳು ಕಲಿತರು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸೆರೆಮನೆಯನ್ನೂ ಕಂಡರು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ತೊರೆದಾಗ ಇವರು ಬಳಿ ಕುಳಿತು ಉಣಿಸಿದರು, ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ರೋಗಿಯ ಮತ ಯಾವುದೆಂದು ನೋಡಲಿಲ್ಲ. ವಾಜ್‌ರು ಇದ್ದದ್ದು ಸಾಯುವವರೆಗೆ, ನಮ್ಮ ಹುಡುಗ ಹೋಗುವುದು ಏಳೇ ದಿನ; ಹೋಲಿಕೆ ಸಲ್ಲದು. ಆದರೆ ಗಂಜಿ ಕುಡಿಸಲು ಎಷ್ಟು ಮಾತು ಬೇಕು?

ಕನ್ನಡ ಪೂಜೆ ಅಪರೂಪ ಎಂದು ನಾವು ಗೊಣಗುತ್ತೇವೆ, ನೋವು ನಿಜವೇ. ಆದರೂ 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ, ವಾರಣೆ ಕೂಡುವ ಈ ಊರಿಗೆ ನೀರು ನುಗ್ಗಿದಾಗ, ಕೆಸರು ಬಳಿಯಲು ಸಲಿಕೆ ಹಿಡಿದು ಬಂದವನ ಭಾಷೆಯನ್ನು ನಾವು ಕೇಳಿದೆವೇ?

ಭಾನುವಾರ ಬಲಿಪೂಜೆಯ ನಂತರ ಹುಡುಗನನ್ನು ಹರಸಿ ಕಳುಹಿಸೋಣ. ಮರಾಠಿ, ಕೊಂಕಣಿ ಪೂಜೆಗೆ ಬರುವವರನ್ನೂ ಕರೆಯೋಣ.